ದಪ್ಪಕ್ಷರದ ಎಲ್ಕಾನಾ

ಕನ್ಸಾಸ್‌ನ ಆ ಊರಿನಲ್ಲಿ ಪೋಸ್ಟರ್ ಬೇಕೆಂದರೆ ಎಲ್ಕಾನಾ ಪ್ರೂಯಿಟ್‌ನ ಅಚ್ಚುಮನೆಗೇ ಹೋಗಬೇಕು. ಸರ್ಕಸ್ಸಿರಲಿ, ದನಗಳ ಹರಾಜಿರಲಿ, ಅಗಲ ಕಿರಿದಾಗಿ, ಎತ್ತರಕ್ಕೆ, ದಪ್ಪ ಗೆರೆಯಲ್ಲಿ ಕೊರೆದ ಮರದ ಅಕ್ಷರಗಳನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, "ಹೆಸರು ಕುದುರೆ ಓಡಿಸೋನಿಗೂ ಕಾಣ್ಬೇಕು" ಎನ್ನುವ ಮನುಷ್ಯ. ಪಾದ್ರಿಯ ಸಾವಿನ ಸುದ್ದಿಯನ್ನೂ ಕುಸ್ತಿಯ ಪ್ರಚಾರದ ಹಾಗೆ ಅಚ್ಚು ಹಾಕಿ ಬೈಸಿಕೊಂಡವನು. ಇವತ್ತು ಕಳ್ಳನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎಂಬ ಪೋಸ್ಟರ್ ಮಾಡಿಸಲು ಶೆರಿಫ್ ಪಕ್ಕದಲ್ಲೇ ನಿಂತಿದ್ದ. "ಬ್ಯಾಂಕ್ ಲೂಟಿ ಮಾಡಿದೋನು ನಿನ್ ತಮ್ಮ ಅಂತ ಕೈ ಹಿಂದೆ ತೆಗೀಬೇಡ." ಮೊದಲ ಹಾಳೆ ಹೊರಬಂತು. 'ಬಹುಮಾನ' ಕಣ್ಣಿಗೆ ಹೊಡೆಯುವಂತಿತ್ತು. ತಮ್ಮನ ಹೆಸರು ಇರುವೆ ಸಾಲಿನಂತಿತ್ತು. "ಇದನ್ನ ಓದೋಕೆ ಮೂಗು ತಾಗಿಸ್ಬೇಕಲ್ಲಯ್ಯ?" "ದಪ್ಪಕ್ಷರ ಸಾಲ್ಲಿಲ್ಲ ಸಾಹೇಬ್ರೆ. ಇರೋದೇ ಒಂದೊಂದು, 'ಬಹುಮಾನ'ಕ್ಕೇ ಮುಗೀತು." ಶೆರಿಫ್ ಅಕ್ಷರದ ಪೆಟ್ಟಿಗೆಯ ಖಾಲಿ ಮನೆಗಳನ್ನು ನೋಡಿ, ಗೊಣಗುತ್ತ ಹೊರಟ. ಅವನು ಬೀದಿ ದಾಟುವವರೆಗೂ ಎಲ್ಕಾನಾ ನಿಂತಲ್ಲಿಂದ ಕದಲಲಿಲ್ಲ. ಕದಲಿದ್ದರೆ ಏಪ್ರನ್ ಜೇಬಿನಲ್ಲಿ ತಮ್ಮನ ಹೆಸರಿನ ದಪ್ಪಕ್ಷರಗಳು ಕಟಕಟ ಎನ್ನುತ್ತಿದ್ದವು.