ಮೇಲ್ಮಹಡಿಗೆ ಹೋಗದ ಮೂಲೆ ಮೇಡಂ

ಹೋಟೆಲಿನ ಹಾಸಿಗೆ ಎಂಥದೆಂಬುದನ್ನು ಆಕೆ ಮಲಗಿ ತಿಳಿದವರಲ್ಲ, ಹಾಸಿ ತಿಳಿದವರು. ಕೋಣೆ ಸಿದ್ಧಪಡಿಸುವ ಹೆಂಗಸರಿಗೆ ಮೇಲ್ವಿಚಾರಕಿಯಾಗಿದ್ದಷ್ಟು ಕಾಲವೂ ಬಾಗಿಲು ತೆರೆದೊಡನೆ ಆಕೆಯ ಕಣ್ಣು ನೆಡುತ್ತಿದ್ದುದು ಹಾಸಿಗೆಯ ಕಾಲಕಡೆಯ ಮೂಲೆಯ ಮೇಲೆ. ಅಲ್ಲಿ ಚಾದರವು ಲಕೋಟೆಯ ಬಾಯಂತೆ ಮಡಿಚಿ ಒಳಸೇರಿರಬೇಕು. ಇಲ್ಲವಾದರೆ ಪೂರ್ತಿ ಕಿತ್ತು ಮತ್ತೆ ಹಾಸಿಸುತ್ತಿದ್ದರು. ಕೈಕೆಳಗಿನವರು ಬೆನ್ನ ಹಿಂದೆ ‘ಮೂಲೆ ಮೇಡಂ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಆಕೆಗೆ ಒಳಗೊಳಗೇ ಹೆಮ್ಮೆ.

ಪತಿ ದರ್ಜಿ. ಅದೇ ಹೋಟೆಲಿನ ತುತ್ತತುದಿಯ ಮಹಡಿಯ ಪರಿಚಾರಕರಿಗೆ ಕಡುಗೆಂಪು ಕೋಟು ಹೊಲಿದುಕೊಡುತ್ತಿದ್ದರು. ಕನ್ಸಿಯರ್ಜ್ ಮಹಡಿ ಎಂಬುದು ಕಾಗದದ ಮೇಲಿನ ಹೆಸರು; ಕೆಲಸದವರ ಬಾಯಲ್ಲಿ ಅದು ಬರೀ ಮೇಲ್ಮಹಡಿ. ಹೆಚ್ಚು ಬಾಡಿಗೆ ತೆತ್ತವರಿಗೆ ಅಲ್ಲಿ ಊರೆಲ್ಲ ಕಾಣುವ ಪಡಸಾಲೆ, ಬಾಯಿ ಬಿಡುವ ಮೊದಲೇ ಬೇಕಾದ್ದನ್ನು ತಂದಿಡುವ ಜನ. ದರ್ಜಿಗೆ ಮಾತ್ರ ಅಲ್ಲಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯ ಉಗ್ರಾಣದಲ್ಲಿ ಅಳತೆ ತೆಗೆದು, ಅಲ್ಲೇ ಕೋಟುಗಳನ್ನು ಒಪ್ಪಿಸಿ, ಹಿಂಬಾಗಿಲಿನಿಂದ ಹೊರಬೀಳುವುದು ಅವರ ದಾರಿ. ಕೋಟು ತೊಟ್ಟವರು ಕೈ ಅಗಲಿಸಿ ನಿಂತದ್ದನ್ನು ಕಂಡಿದ್ದರೇ ಹೊರತು, ತಟ್ಟೆ ಹಿಡಿದು ನಡೆದದ್ದನ್ನು ಕಂಡವರಲ್ಲ.

ಸಂಜೆ ಹೆಂಡತಿ ಮನೆಗೆ ಬಂದರೆ ಅದೇ ವಿಚಾರಣೆ. “ಕಾಫಿ ಕೊಡೋಕೆ ಬಗ್ಗಿದಾಗ ಬೆನ್ನಿನ ಹೊಲಿಗೆ ಎಳೆಯುತ್ತಾ?”

“ನನಗೇನು ಗೊತ್ತುರೀ? ಅವರು ಬಗ್ಗೋ ಹೊತ್ತಿಗೆ ನಾನು ಮಂಚದ ಕೆಳಗೆ ಬಗ್ಗಿರ್ತೀನಿ.”

ನಿವೃತ್ತರಾಗುವವರಿಗೆ ಹೋಟೆಲಿನವರು ಒಂದು ರಾತ್ರಿ ದಂಪತಿಯಾಗಿ ಉಳಿಯಲು ಸಾಮಾನ್ಯ ಕೋಣೆಯನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಮೇಲ್ಮಹಡಿ ಬೇಕೆಂದರೆ ಹೆಚ್ಚುವರಿ ಬಾಡಿಗೆಯನ್ನು ತಾವೇ ತುಂಬಬೇಕು. ಆಕೆಯ ಸರದಿ ಬಂದಾಗ ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು: “ಮೇಲಕ್ಕೇ ಹೋಗೋಣ ಕಣೆ.”

“ಏನಿದೆ ಅಂತ? ಅದೇ ಹಾಸಿಗೆ, ಅದೇ ದಿಂಬು, ಅದೇ ಟವೆಲು. ಎರಡೂ ಕಡೆ ಹಾಸೋಳು ನಾನೇ. ಸುಮ್ಮನೆ ದುಡ್ಡು ದಂಡ.”

“ಹಾಸಿಗೆ ಒಂದೇ ಇರಬಹುದು...”

“ಮತ್ತಿನ್ನೇನು? ಲಿಫ್ಟಲ್ಲಿ ಜಾಸ್ತಿ ಹೊತ್ತು ನಿಂತಿದ್ದಕ್ಕೆ ಬಾಡಿಗೆನಾ?”

ದರ್ಜಿ ನಕ್ಕು ಮತ್ತೆ ಹೊಲಿಗೆಗೆ ಬಗ್ಗಿದರು. ಅವರ ಬಾಯಿಗೆ ಬಂದ ಮಾತು ಅಲ್ಲಿಗೇ ನಿಂತಿತೆಂಬುದು ಆಕೆಗೆ ಹೊಳೆಯಲಿಲ್ಲ. ತನಗೆ ಗೊತ್ತಿರುವ ವಿಷಯದಲ್ಲಿ ಬೇರೆಯವರ ಅಭಿಪ್ರಾಯ ಕೇಳುವುದು ಆಕೆಯ ಜಾಯಮಾನವೇ ಅಲ್ಲ.

ಸಾಮಾನ್ಯ ಕೋಣೆಯ ಕಿಟಕಿ ಬಟ್ಟೆ ಒಗೆಯುವ ವಿಭಾಗದ ಹಬೆಕೊಳವೆಯತ್ತ ತೆರೆದಿತ್ತು. ಒಳಗೆ ಕಾಲಿಟ್ಟವರೇ ಆಕೆ ಚೀಲವನ್ನು ಕೆಳಗಿಡುವ ಮೊದಲು ಹಾಸಿಗೆಯ ಮೂಲೆ ನೋಡಿದರು. ಮಡಿಕೆ ಸಡಿಲ. ಸೆರಗು ಸಿಕ್ಕಿಸಿ ಚಾದರ ಕಿತ್ತರು.

“ಅತಿಥಿಯಾಗಿ ಬಂದಿದ್ದೀಯೋ, ತಪಾಸಣೆಗೆ ಬಂದಿದ್ದೀಯೋ?”

“ಕಣ್ಣಿಗೆ ಬಿದ್ದಮೇಲೆ ಹೇಗ್ರೀ ಬಿಡಲಿ? ಈ ತುದಿ ಹಿಡ್ಕೊಳ್ಳಿ.”

ದರ್ಜಿ ಹಿಡಿದುಕೊಂಡರು. ಆಮೇಲೆ ಟವೆಲಿನ ಸರದಿ, ಕನ್ನಡಿಯ ಮೇಲಿನ ಕಲೆಯ ಸರದಿ. ಕಾಫಿಪುಡಿಯ ಪೊಟ್ಟಣ ಹರಿದು, ನೀರು ಕಾಯಿಸಿ, ಗಂಡನ ಕೈಗೆ ಬಟ್ಟಲು ಕೊಟ್ಟವರೂ ಆಕೆಯೇ. ಬೆಳಿಗ್ಗೆ ಹೊರಡುವಾಗ ಚಾದರಗಳನ್ನು ಕಿತ್ತು ಮಡಿಚಿ, ಒಗೆಯಲು ಒಯ್ಯುವವರಿಗೆ ಅನುಕೂಲವಾಗಲೆಂದು ಬಾಗಿಲ ಬಳಿ ಜೋಡಿಸಿಟ್ಟರು.

ಲಿಫ್ಟಿನ ಬಾಗಿಲು ತೆರೆದಾಗ ಒಳಗೊಬ್ಬ ಪರಿಚಾರಕ, ಕಡುಗೆಂಪು ಕೋಟು, ಕೈಯಲ್ಲಿ ಮುಚ್ಚಿದ ತಟ್ಟೆ. ಮೇಲಕ್ಕೆ ಹೊರಟಿದ್ದ.

“ಅಯ್ಯೋ ಮೇಡಂ, ನೀವು ಮೇಲೆ ಬರ್ತೀರಿ ಅಂತ ಕಿಟಕಿ ಪಕ್ಕದ ಕುರ್ಚಿ ಯಾರಿಗೂ ಕೊಡದೆ ಇಟ್ಕೊಂಡಿದ್ವಲ್ಲ! ನಿಮಗೆ ಕಾಫಿ ಯಾರು ಕೊಡಬೇಕು ಅಂತ ನಮ್ಮಲ್ಲಿ ಜಗಳಾನೇ ಆಗಿತ್ತು.”

ದರ್ಜಿ ಕೈ ಚಾಚಿ ಅವನ ಭುಜದ ಸುಕ್ಕನ್ನು ನಯವಾಗಿ ಒತ್ತಿದರು. “ಕೋಟು ಸರಿಯಾಗಿ ಕೂತಿದೆ ಕಣಪ್ಪ,” ಎಂದರು. ಬಾಗಿಲು ಮುಚ್ಚಿತು.

ಬಸ್ ನಿಲ್ದಾಣದಲ್ಲಿ ಆಕೆಯೇ ಕೇಳಿದರು, “ಕೋಟು ನೋಡೋಕೆ ಮೇಲೆ ಹೋಗಬೇಕು ಅಂತಿದ್ರಾ?”

“ಕೋಟು ನೋಡೋಕೆ ಹೌದು. ಆದರೆ ಅದಷ್ಟೇ ಅಲ್ಲ. ಜೀವಮಾನವೆಲ್ಲ ನೀನು ಅವರಿವರಿಗೆ ಹಾಸಿಕೊಟ್ಟೆ. ನಾನು ಹೊಲಿದ ಕೋಟು ತೊಟ್ಟವನು ಒಂದು ಸಲ ನಿನ್ನ ಮುಂದೆ ಬಗ್ಗಿ ಕಾಫಿ ಇಡೋದನ್ನ ನೋಡಬೇಕಿತ್ತು. ನೀನು ಕೂತಿರಬೇಕು, ಏಳಬಾರದು.”

“ಬಾಯಿ ಬಿಟ್ಟು ಹೇಳಬಾರದಿತ್ತೇನ್ರೀ?”

“ಹೇಳೋಕೆ ಹೋದೆ. ನೀನು ದಿಂಬು, ಟವೆಲು ಅಂದೆ.”

ಇನ್ನೊಮ್ಮೆ ಹೋದರಾಯಿತು ಎಂದು ಆಕೆ ಅಂದುಕೊಂಡರು. ಆ ಇನ್ನೊಮ್ಮೆ ಬರುವಷ್ಟರಲ್ಲಿ ಹೋಟೆಲಿನವರು ಕೋಟು ಹೊಲಿಸುವುದನ್ನು ಬಿಟ್ಟು ಸಿದ್ಧ ಉಡುಪು ಕೊಳ್ಳತೊಡಗಿದ್ದರು. ದರ್ಜಿಯ ಬಲಗೈಗೆ ಲಕ್ವ ಹೊಡೆಯಿತು; ಕತ್ತರಿ ಗೋಡೆಯ ಮೊಳೆ ಸೇರಿತು. “ಈಗಲಾದರೂ ಹೋಗೋಣ್ವಾ?” ಎಂದು ಆಕೆ ಕೇಳಿದ್ದುಂಟು. “ಇನ್ಯಾರದೋ ಹೊಲಿಗೆ ನೋಡೋಕಾ?” ಎಂದು ಅವರು ನಗೆಯಲ್ಲೇ ತೇಲಿಸಿದರು. ಆ ನಗೆ ಆಕೆಗೆ ಬೈಗುಳಕ್ಕಿಂತ ಆಳವಾಗಿ ನಾಟಿತು.

ಮೊನ್ನೆ ತಂಗಿಯ ಮಗಳು ಫೋನು ಮಾಡಿದ್ದಳು. “ದೊಡ್ಡಮ್ಮಾ, ಅಪ್ಪ ಅಮ್ಮನ್ನ ನಿಮ್ಮ ಹೋಟೆಲಲ್ಲಿ ಒಂದು ದಿನ ಇರಿಸೋಣ ಅಂತಿದ್ದೀನಿ. ಮೇಲ್ಮಹಡಿಗೆ ಅಷ್ಟು ಜಾಸ್ತಿ ಕೊಡಬಹುದಾ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಹಾಸಿಗೆ ಎರಡೂ ಕಡೆ ಒಂದೇ ಕಣೇ,” ಎಂದು ಶುರುಮಾಡಿದ ಆಕೆ ಅಲ್ಲೇ ಮಾತು ತಡೆದರು. “ನನಗೆ ಗೊತ್ತಿರೋದು ಅಷ್ಟೇ. ಅಲ್ಲಿ ಕೂತವರನ್ನ ಕೇಳು. ಅದಕ್ಕೂ ಮುಂಚೆ ನಿಮ್ಮಪ್ಪನ್ನ ಕೇಳು. ಅವರು ಮಾತು ಮುಗಿಸೋವರೆಗೂ ಕೇಳು.”

ಫೋನಿಟ್ಟು ಗಂಡನ ಕೋಣೆಗೆ ಬಂದರು. ಚಾದರದ ಮೂಲೆ ಜಾರಿತ್ತು. ಕೈ ತಾನಾಗಿಯೇ ಅತ್ತ ಹೋಯಿತು.

“ಬಿಡೇ ಅದನ್ನ,” ಎಂದರು ದರ್ಜಿ, ಎಡಗೈಯಿಂದ ಪಕ್ಕದ ಕುರ್ಚಿ ತೋರಿಸುತ್ತ. “ಕೂತ್ಕೋ.”

ಆಕೆ ಕೂತರು. ಮೂಲೆ ಹಾಗೆಯೇ ಜೋತಾಡುತ್ತಿತ್ತು. ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹೆಣೆದುಕೊಂಡು, ಆಕೆ ಏಳದೆ ಕೂತರು.