ಉಪ್ಪಿಟ್ಟಿಗೆ ಉಪ್ಪು ಜಾಸ್ತಿ, ಮೊದಲಿನಿಂದ ಶುರು

ನಮ್ಮಜ್ಜಿಗೆ ದೇವರಿಗಿಂತ ಚೌಕಾಬಾರದ ಮೇಲೆ ಭಕ್ತಿ ಹೆಚ್ಚು. ಹಡಗಲಿಯ ನಮ್ಮ ಮನೆಯ ಕಟ್ಟೆಗಲ್ಲಿನ ಮೇಲೆ ಅವಳ ಅತ್ತೆಯ ಕಾಲದಲ್ಲಿ ಕೊರೆದ ಮನೆಗಳಿದ್ದವು. ಗರ ಹಾಕಲು ಒಂದು ಬದಿ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆಬೀಜ. ಎಪ್ಪತ್ತರ ದಶಕದ ಕೊನೆಗೆ ಅಪ್ಪ ಹೊಸಪೇಟೆಯಿಂದ ಅಚ್ಚು ಹಾಕಿದ ಹಾವು-ಏಣಿ ತಂದ. ಅಜ್ಜಿ ಒಂದೇ ಆಟಕ್ಕೆ ಬೇಸತ್ತಳು. "ಇದರಾಗ ನಮ್ದೇನೈತಿ? ಏಣಿ ಸಿಕ್ರ ಹತ್ತೋದು, ಹಾವು ನುಂಗಿದ್ರ ಇಳಿಯೋದು. ಬುದ್ಧಿಗೆ ಕೆಲಸಾನ ಇಲ್ಲ" ಎಂದು ಅದರ ಮೇಲೆ ಹಪ್ಪಳ ಒಣಗಿಸಿದಳು.

ಆ ಬೇಸಿಗೆಯಲ್ಲಿ ಅಕ್ಕನನ್ನು ನೋಡಲು ಬಂದುಹೋದವರಿಗೆ ಲೆಕ್ಕವಿರಲಿಲ್ಲ. ಅವಳಿಗೋ ಬಳ್ಳಾರಿಯಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. "ಈ ಸಲ ಬರೋ ಹರಪನಹಳ್ಳಿಯವರು ಒಪ್ಪಿದ್ರ ಮದುವಿ, ಒಲ್ಲೆ ಅಂದ್ರ ಬಳ್ಳಾರಿ" ಎಂದು ಅಪ್ಪ ತೀರ್ಪು ಕೊಟ್ಟ. ಅಕ್ಕನನ್ನು ಯಾರೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಸೀರೆ ಡಬ್ಬಿಯ ರಟ್ಟಿನ ಮೇಲೆ ಚೌಕಾಬಾರ ಬರೆದು, ಕಾಯಿಗಳನ್ನೆಲ್ಲ ಕನ್ಯೆಯರನ್ನಾಗಿ ಮಾಡಿದೆ. ಮನೆಗೊಂದು ಮಾತು ಬರೆದೆ. 'ಹುಡುಗಿ ತಲೆ ತಗ್ಗಿಸಿದಳು, ಮೂರು ಮನೆ ಮುಂದಕ್ಕೆ.' 'ಹುಡುಗನ ತಾಯಿ ಜಡೆ ಎಳೆದು ನೋಡಿದಳು, ಒಂದು ಮನೆ ಹಿಂದಕ್ಕೆ.' 'ಉಪ್ಪಿಟ್ಟಿಗೆ ಉಪ್ಪು ಜಾಸ್ತಿ, ಮೊದಲಿನಿಂದ ಶುರು.' ನಡುವಿನ ಮನೆ ಮದುವೆ ಹಂದರ. ಅಲ್ಲಿಗೆ ಮುಟ್ಟಿದ ಕಾಯಿ ಹಣ್ಣು, ಅಂದರೆ ಗೆದ್ದ ಹಾಗೆ.

ಅಜ್ಜಿ ಆಡಿ ನೋಡಿದಳು. "ಎಲ್ಲಾ ಕಾಯಿ ಹಂದರದಾಗ ಹಣ್ಣಾದ್ರ ಕತಿ ಏನು ಉಳೀತು? ಇನ್ನೊಂದು ದಾರಿ ಇಡು." ನಾನು ಯೋಚಿಸುತ್ತಿದ್ದಾಗ ಅಕ್ಕ ಪೆನ್ಸಿಲ್ ಕಸಿದುಕೊಂಡು ಮೂಲೆಯಲ್ಲಿ, ನಮಗೆ ಬಳ್ಳಾರಿ ಕಡೆಯ ಗಾಡಿ ಸಿಗುವ ಬೊಮ್ಮನಹಳ್ಳಿ ರೈಲ್ವೆ ಸ್ಟೇಷನ್ ಬರೆದಳು. ಅಲ್ಲಿ ಗಾಡಿ ಹತ್ತಿದ ಕಾಯಿಯೂ ಹಣ್ಣೇ.

ಹರಪನಹಳ್ಳಿಯವರು ಬಂದರು. ಗಂಡಸರು ಕಟ್ಟೆಯ ಮೇಲೆ ಕೂತು, ಅವ್ವ ಮಾಡಿದ ಉಪ್ಪಿಟ್ಟು ತಿನ್ನುತ್ತ ಶೇಂಗಾ ಬೆಳೆಯ ಮಾತಿಗಿಳಿದರು. ಹುಡುಗನ ತಾಯಿ ಒಳಗೆ ಬಂದು, ಅಕ್ಕನ ಜಡೆ ಎಳೆದು ನೋಡಿ, ಚಾಪೆಯ ಮೇಲೆ ಕೂತಳು. ಅಜ್ಜಿ ರಟ್ಟನ್ನು ಬೇಕಂತಲೇ ಅವಳ ಮುಂದೆ ಸರಿಸಿ, "ಒಂದಾಟ ಹಾಕ್ರಿ" ಎಂದಳು. ನಮ್ಮ ಕಡೆ ಆಟಕ್ಕೆ ಕರೆದರೆ ಬೀಗಿತ್ತಿಯೂ ಒಲ್ಲೆ ಅನ್ನುವುದಿಲ್ಲ, ಕೂತ ಮೇಲೆ ಮುಗಿಯುವ ತನಕ ಏಳುವುದೂ ಇಲ್ಲ.

ಆಕೆಯ ಕಾಯಿ ಮೊದಲಿಗೇ ಜಡೆಯ ಮನೆಗೆ ಬಿತ್ತು. ಆಕೆ ಅದನ್ನು ಓದಿದಳು. ಇನ್ನು ನಮ್ಮ ಕತೆ ಮುಗಿಯಿತು ಅಂದುಕೊಂಡೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, ಪೆನ್ಸಿಲ್ ಹಿಡಿದು ಕೂತಿದ್ದ ನನ್ನ ಕಡೆ ತಿರುಗಿದಳು. "ನಮ್ಮತ್ತೆ ನನ್ನ ಹಲ್ಲೂ ಎಣಿಸಿದ್ರು. ಅದನ್ನೂ ಬರಿಯವ್ವ."

ಕೊನೆಗೆ ಹಂದರಕ್ಕೆ ಬೇಕಾದ ಗರವೇ ಬಿತ್ತು. ಸ್ಟೇಷನ್ನಿಗೂ ಅಷ್ಟೇ ದೂರ. ಆಕೆ ಕಾಯಿಯನ್ನು ಹಂದರದ ತನಕ ಒಯ್ದು ಹಿಂದಕ್ಕೆ ತಂದಳು. ಆಮೇಲೆ ಅದನ್ನು ಸ್ಟೇಷನ್ನಿನಲ್ಲಿ ಇಟ್ಟಳು.

"ಈ ಮನೆ ಅಕ್ಷರ ಬೇರೆ ಐತೆ. ಬರೆದೋರು ಯಾರು?"

"ನಾನ್ರಿ" ಎಂದಳು ಅಕ್ಕ. ಆ ದಿನ ಅವಳು ಆಡಿದ್ದು ಅದೊಂದೇ ಮಾತು.

ಆಕೆ ಎದ್ದು ಹೊರಗೆ ಹೋಗಿ ಗಂಡಸರಿಗೆ ಹೇಳಿದಳು: "ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗೈತೆ. ಈ ಸಂಬಂಧ ಬ್ಯಾಡ, ಏಳ್ರಿ." ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದ ಅವಳ ಗಂಡ ತಟ್ಟೆ ಕೆಳಗಿಟ್ಟು ಎದ್ದ.

ಬೊಮ್ಮನಹಳ್ಳಿಯಲ್ಲಿ ಅಕ್ಕನನ್ನು ಗಾಡಿ ಹತ್ತಿಸುವಾಗ ಅವ್ವ ಅಳುತ್ತಿದ್ದಳು. "ಉಪ್ಪು ಸರಿ ಇತ್ತು. ನಾನ ರುಚಿ ನೋಡಿದ್ದೆ."

ಅಕ್ಕ ಕಿಟಕಿಯಿಂದ ಅವಳ ಕೈ ಹಿಡಿದುಕೊಂಡಳು.

"ಸರಿ ಇತ್ತವ್ವ."