ಜಹರಾದ ಟೊಮೆಟೊ, ಖಾದ್ಸಿಯಾದ ನಂಬರು

ಕುವೈತಿನ ಖಾದ್ಸಿಯಾದಲ್ಲಿರುವ ಬೂ ಮಿಶಾರಿಯನ್ನು ಮೊಟ್ಟೆಯ ಬೆಲೆ ಎಷ್ಟು ಎಂದು ಕೇಳಬಾರದು. ಕೇಳಿದರೆ ಉತ್ತರ ಬರುವುದಿಲ್ಲ, "ಎಲ್ಲಿಯದು?" ಎಂಬ ಮರುಪ್ರಶ್ನೆ ಬರುತ್ತದೆ. ಸಾಲ್ಮಿಯಾದಲ್ಲಿ ಒಂದು ಬೆಲೆ, ಫಹಾಹೀಲಿನಲ್ಲಿ ಇನ್ನೊಂದು, ಜಹರಾದಲ್ಲಿ ಮತ್ತೊಂದು. ಮೊಟ್ಟೆ ಇಟ್ಟ ಕೋಳಿಗೆ ಈ ಭೇದಭಾವ ಗೊತ್ತಿಲ್ಲ, ಪಾಪ.

ವಿದ್ಯುತ್ ಇಲಾಖೆಯಿಂದ ಅವನೊಂದಿಗೆ ನಿವೃತ್ತರಾದ ಗೆಳೆಯರಲ್ಲಿ ಕೆಲವರು ದೋಣಿ ಕೊಂಡು ಮೀನು ಹಿಡಿಯಲು ಹೊರಟರು. ಕೆಲವರು ಎರಡನೇ ಮದುವೆಯ ಮಾತೆತ್ತಿ ಮನೆಯಲ್ಲಿ ಬೈಸಿಕೊಂಡು ಸುಮ್ಮನಾದರು. ಬೂ ಮಿಶಾರಿ ಬೆಲೆ ನೋಡಲು ಹೊರಟ. ಬೆಳಗಿನ ಚಹಾ ಆಯಿತೋ, ತಲೆಗೆ ಗುತ್ರಾ ಸುತ್ತಿ, ಹಳೆಯ ಬಿಳಿ ಕಾರಿನ ಹೊಟ್ಟೆಗೆ ಪೆಟ್ರೋಲು ಹಾಕಿಸಿ ಹೊರಟೇಬಿಟ್ಟ. ಕೊಳ್ಳುವುದು ಆಮೇಲಿನ ಮಾತು, ಮೊದಲು ನೋಡಬೇಕು.

ಅಲ್ಲಿ ಬಡಾವಣೆಗೊಂದು ಜಮಿಯಾ. ನಮ್ಮ ಸಹಕಾರ ಸೊಸೈಟಿ ಇದ್ದ ಹಾಗೆ, ಆದರೆ ಸಾಮಾನು ಸಿಗುತ್ತದೆ. ಬಡಾವಣೆಯವರೇ ಅದರ ಷೇರುದಾರರು. ಗಲ್ಲೆಯಲ್ಲಿ ಕೂತವನು "ನಂಬರು?" ಅನ್ನುತ್ತಾನೆ. ಷೇರುದಾರ ತನ್ನ ನಂಬರು ಹೇಳುತ್ತಾನೆ. ವರ್ಷ ತುಂಬಿದಾಗ ಕೊಂಡದ್ದಕ್ಕೆ ತಕ್ಕ ಲಾಭಾಂಶ ಕೈಸೇರುತ್ತದೆ. ಬೂ ಮಿಶಾರಿಯದು ನಾಲ್ಕುನೂರ ಹನ್ನೆರಡು, ಅಪ್ಪನಿಂದ ಬಂದದ್ದು. ಮೂರಂಕಿಯ ನಂಬರೆಂದರೆ ಊರಿನ ಹಳೆಯ ಕುಳವೆಂದು ಅರ್ಥ. ಹಾಗಾಗಿ ಅದನ್ನು ಅವನು ಹೇಳುತ್ತಿರಲಿಲ್ಲ, ಸಾರುತ್ತಿದ್ದ.

ಒಂದು ಜಮಿಯಾದಲ್ಲಿ ಎಣ್ಣೆ ಅಗ್ಗವಾದ ವಾರ ಇನ್ನೊಂದರಲ್ಲಿ ಅಕ್ಕಿ ಅಗ್ಗ, ಮೂರನೆಯದರಲ್ಲಿ ಎರಡೂ ತುಟ್ಟಿ. ರಿಯಾಯಿತಿ ಅಂದರೆ ಅಂಗಡಿಯವನು ಎಸೆಯುವ ಗಾಳ. ಎರೆಹುಳು ಮಾತ್ರ ತಿಂದು ಕೊಕ್ಕೆ ಬಿಟ್ಟು ಹೋಗುವ ಮೀನು ತಾನೆಂದು ಬೂ ಮಿಶಾರಿಯ ನಂಬಿಕೆ. ಕಣ್ಣಿನ ಮಟ್ಟದಲ್ಲಿಟ್ಟ ಡಬ್ಬವನ್ನು ಅವನು ಮುಟ್ಟಿದವನಲ್ಲ, ಅಗ್ಗದ್ದು ಬಗ್ಗಿದವನಿಗೇ ಸಿಗುವುದು. ಟೊಮೆಟೊ ಪೆಟ್ಟಿಗೆಯ ಮೇಲಿನ ಸಾಲು ಮದುವಣಗಿತ್ತಿ, ಕೆಳಗಿನ ಸಾಲು ಅತ್ತೆ ಎಂದು ಹೇಳಿ, ಪೆಟ್ಟಿಗೆಯನ್ನೇ ಬೋರಲು ಹಾಕಿ ನೋಡುತ್ತಿದ್ದ. ಅವನು ಒಳಗೆ ಬಂದರೆ ತರಕಾರಿ ಜೋಡಿಸುವವರು ನಿಟ್ಟುಸಿರು ಬಿಡುತ್ತಿದ್ದರು.

ಈ ವರ್ಷದ ಲಾಭಾಂಶ ಕೈಗೆ ಬಂದ ದಿನ ಮನೆಯಲ್ಲಿ ಗಾಳಿ ಬದಲಾಯಿತು. ಹೆಂಡತಿ ಗನೀಮಾ ಬಂದ ಮೊತ್ತವನ್ನು ನೋಡಿ, ಗಂಡನ ಮುಖ ನೋಡಿದಳು.

"ಬೂ ಮಿಶಾರಿ, ಹಿಂದೆಲ್ಲ ಇದರಲ್ಲಿ ಮನೆಗೆ ಪರದೆ ಬರ್ತಿತ್ತು. ಈ ಸಲ ಕರವಸ್ತ್ರ ಬರತ್ತೆ."

"ಹೊರಗೆ ಎಷ್ಟು ಉಳಿಸಿದೀನಿ, ಅದನ್ನೂ ಲೆಕ್ಕ ಹಿಡಿ."

"ಹಿಡಿಯೋಣ, ಎಲ್ಲಿದೆ ತೋರಿಸಿ. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೀತೀರಿ. ನಮ್ಮ ಜಮಿಯಾ ಮನೆ ಮುಂದೆ ಇದೆ, ಡಾಕ್ಟರು ನಡೀರಿ ಅಂದಿದಾರೆ. ಕಾರಿನ ಕೀಲಿ ಇಲ್ಲಿಡಿ."

ಬೂ ಮಿಶಾರಿ ಕೀಲಿಯನ್ನು ಜೇಬಿನೊಳಗೆ ಇನ್ನೂ ಆಳಕ್ಕೆ ತಳ್ಳಿದ. ಕಾರು ಹೋದರೆ ಫಹಾಹೀಲಿನ ಮೀನಿಲ್ಲ, ಜಹರಾದ ಟೊಮೆಟೊ ಇಲ್ಲ, ದಿವಾನಿಯಾದಲ್ಲಿ ಗೆಳೆಯರ ನಡುವೆ ಕೂತು ಹೇಳಲು ಒಂದು ಮಾತೂ ಇಲ್ಲ. ಉಳಿಯುವುದು ಎದುರುಮನೆಯ ಗೋಡೆ ಮಾತ್ರ.

"ಒಂದು ಅವಕಾಶ ಕೊಡು ಗನೀಮಾ. ರಂಜಾನಿಗೆ ನೀನು ಗಬ್ಗಾ ಔತಣ ಇಟ್ಕೊಂಡಿದೀಯಲ್ಲ, ಅದರ ಸಾಮಾನು ಪೂರ್ತಿ ನಾನು ತರ್ತೀನಿ. ನಮ್ಮ ಜಮಿಯಾಕ್ಕಿಂತ ಅಗ್ಗವಾಗಿ ತಂದ್ರೆ ಕೀಲಿ ನನ್ನದು."

"ತರದಿದ್ರೆ?"

"ನಡೀತೀನಿ."

"ಚಪ್ಪಲಿ ಒಳ್ಳೇದು ತಗೊಳ್ಳಿ ಹಾಗಾದ್ರೆ," ಎಂದು ಗನೀಮಾ ಏಲಕ್ಕಿ ಬಿಡಿಸಲು ಕೂತಳು.

ಬೂ ಮಿಶಾರಿ ದಂಡಯಾತ್ರೆಗೆ ಹೊರಟ ಅರಸನಂತೆ ಹೊರಟ. ಸಾಲ್ಮಿಯಾದಲ್ಲಿ ಅಕ್ಕಿ, ಫಹಾಹೀಲಿನಲ್ಲಿ ಒಣನಿಂಬೆ ಮತ್ತು ಸೀಗಡಿ. ಪ್ರತಿ ಕಡೆಯೂ ಮನೆಮುಂದಿನ ಬೆಲೆಗಿಂತ ಕಡಿಮೆ. ಕೊನೆಗೆ ತನ್ನ ಅಚ್ಚುಮೆಚ್ಚಿನ ಜಹರಾ. ಎರಡು ವರ್ಷದಿಂದ ಎಣ್ಣೆ, ಟೊಮೆಟೊ, ಈರುಳ್ಳಿಗೆ ಅವನ ಕಾರು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ತಳ್ಳುಗಾಡಿ ತುಂಬಿಸಿಕೊಂಡು, ಗೆದ್ದೆ ಎಂಬ ಮುಗುಳ್ನಗೆಯಲ್ಲಿ ಸರದಿಯಲ್ಲಿ ನಿಂತ.

ಅವನ ಮುಂದೆ ಎರಡು ರೊಟ್ಟಿ, ಒಂದು ಬಾಟಲಿ ಮಜ್ಜಿಗೆ ಹಿಡಿದ ಒಣಕಲು ಮೈಯ ಮುದುಕನೊಬ್ಬ ನಿಂತಿದ್ದ.

"ನಂಬರು ಹೇಳಿ ಹಾಜಿ," ಎಂದ ಗಲ್ಲೆಯಲ್ಲಿದ್ದ ಈಜಿಪ್ಟಿನ ಶೌಕಿ.

"ನಾಲ್ಕುನೂರ ಹನ್ನೆರಡು," ಎಂದ ಮುದುಕ.

ಬೂ ಮಿಶಾರಿಗೆ ಯಾರೋ ಗುತ್ರಾ ಕಿತ್ತುಕೊಂಡಂತಾಯಿತು. "ಏನಂದ್ರಿ ಅಣ್ಣ?"

"ನಂಬರು ಹೇಳ್ದೆ. ನನ್ನದು."

"ನಿಮ್ಮದು ಹೇಗಾಗತ್ತೆ? ಅದು ನನ್ನದು! ನಮ್ಮಪ್ಪನ ಕಾಲದ್ದು!"

"ನಿಮ್ಮಪ್ಪ ಜಹರಾದವರಾ?"

"ಅವರು ಜಹರಾದಲ್ಲಿ ಯಾಕಿರ್ತಾರೆ? ನಮ್ಮದು ಖಾದ್ಸಿಯಾ!"

ಹೇಳಿ ಮುಗಿಸುವಷ್ಟರಲ್ಲಿ ಬೂ ಮಿಶಾರಿಯ ಮಾತು ಅವನ ಕಿವಿಗೇ ಬಿತ್ತು. ನಂಬರು ನಡೆಯುವುದು ಅವರವರ ಜಮಿಯಾದಲ್ಲಿ. ಹೊರಗಿನವನು "ನಂಬರಿಲ್ಲ" ಎಂದು ದುಡ್ಡು ಕೊಟ್ಟು ನಡೆಯಬೇಕು. ಆದರೆ ನಲವತ್ತು ವರ್ಷ ಅದನ್ನೇ ಸಾರಿದ ಬಾಯಿಗೆ ಅದು ಗೊತ್ತಿಲ್ಲ. ಗಲ್ಲೆಯವನು ಕೇಳಿದ, ಬಾಯಿ ಸಾರಿತು.

"ಪ್ರತಿಸಲ ನೀವು ಹೇಳ್ತಿದ್ರಿ, ನಾನು ಒತ್ತುತ್ತಿದ್ದೆ ಹಾಜಿ," ಶೌಕಿ ನಗು ತಡೆಯುತ್ತ ಹೇಳಿದ. "ಇಲ್ಲಿಯವರೇ ಅಂದ್ಕೊಂಡಿದ್ದೆ. ಟೊಮೆಟೊಗೋಸ್ಕರ ಅಷ್ಟು ದೂರದಿಂದ ಯಾರು ಬರ್ತಾರೆ?"

ಮುದುಕ ರೊಟ್ಟಿ ಕೆಳಗಿಟ್ಟು ಬೂ ಮಿಶಾರಿಯ ತೋಳು ಹಿಡಿದುಕೊಂಡ. "ನೀನೇನಪ್ಪಾ ಅವನು! ಎಲ್ಲಿದ್ದೆ ಇಷ್ಟು ದಿನ? ನಾನು ಈ ಜಮಿಯಾದಲ್ಲಿ ರೊಟ್ಟಿ ಮಜ್ಜಿಗೆ ಬಿಟ್ಟು ಏನೂ ಕೊಳ್ಳೋನಲ್ಲ. ಹೋದ ಸಲ ಲಾಭಾಂಶ ರಾಶಿ ಬಂತು. ನನ್ನ ಹೆಂಡ್ತಿ ಹಿಡ್ಕೊಂಡ್ಲು ನೋಡು. ಇಷ್ಟು ಎಣ್ಣೆ, ಇಷ್ಟು ಈರುಳ್ಳಿ ಯಾರ ಮನೆಗೆ ಹಾಕ್ತಿದೀಯ? ಎಲ್ಲಿಟ್ಟಿದೀಯ ಇನ್ನೊಬ್ಬಳನ್ನ? ಅಂತ. ಅವತ್ತಿಂದ ಮನೇಲಿ ಚಹಾಕ್ಕೆ ಸಕ್ಕರೆ ಇಲ್ಲ. ಈಗ ನಡಿ, ನೀನೇ ಬಂದು ಹೇಳು."

"ಅಯ್ಯೋ, ನನಗೆ ಮನೇಲಿ ಕೆಲಸ..."

"ವಲ್ಲಾ, ಬಿಡಲ್ಲ!"

ಮುದುಕನ ಹೆಸರು ಬೂ ಸತ್ತಾಮ್. ಆಳು ಒಣಕಲಾದರೂ ಹಿಡಿತ ಉಡದ್ದು. ಹೀಗೆ, ಸಾಮಾನು ತುಂಬಿದ ಕಾರಿನೊಂದಿಗೆ ಬೂ ಮಿಶಾರಿ ಪರರ ಸಂಸಾರದಲ್ಲಿ ಸಾಕ್ಷಿ ಹೇಳಲು ಹೋದ.

ಬೈಠಕ್ಕಿನಲ್ಲಿ ಖರ್ಜೂರ, ಕಾಫಿ ಬಂತು. ಒಳಬಾಗಿಲ ಪರದೆಯ ಹಿಂದಿನಿಂದ ಮುದುಕನ ಹೆಂಡತಿ ಉಮ್ಮ್ ಸತ್ತಾಮಳ ದನಿಯೂ ಬಂತು.

"ಇವರು ಕರ್ಕೊಂಡು ಬಂದ ಗೆಳೆಯ ಇವರ ಹಾಗೇ ಮಾತಾಡ್ತಾನೆ, ಗೊತ್ತು ನನಗೆ. ಹೇಳಪ್ಪ, ಮನೆ ಹತ್ರ ಇರೋದು ಬಿಟ್ಟು ಜಹರಾದಲ್ಲಿ ಎಣ್ಣೆ ಯಾಕೆ ಕೊಂಡೆ?"

ಇಂಥ ಪ್ರಶ್ನೆಯನ್ನು ಬೂ ಮಿಶಾರಿಗೆ ಜನ್ಮದಲ್ಲಿ ಯಾರೂ ಉತ್ತರ ಬೇಕೆಂದು ಕೇಳಿರಲಿಲ್ಲ. ಅವನು ಕಾಫಿಯ ಲೋಟ ಕೆಳಗಿಟ್ಟು ಶುರುಮಾಡಿದ. ಖಾದ್ಸಿಯಾದಲ್ಲಿ ಎಣ್ಣೆಯ ಬೆಲೆ ಇಂತಿಷ್ಟು, ಸಾಲ್ಮಿಯಾದಲ್ಲಿ ಐವತ್ತು ಫಿಲ್ಸ್ ಕಡಿಮೆ, ಆದರೆ ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಇಲ್ಲಿ ಎರಡು ಡಬ್ಬ ಕಟ್ಟಿ ಕೊಡುತ್ತಾರೆ, ಆದರೆ ಆ ಕಟ್ಟು ಬರುವುದು ತಿಂಗಳ ಮೊದಲ ವಾರ ಮಾತ್ರ. ಅಬ್ದಲಿಯ ತೋಟದ ಟೊಮೆಟೊ ಮೊದಲು ಜಹರಾಕ್ಕೆ ಬರುತ್ತದೆ, ನಗರ ಮುಟ್ಟುವ ಹೊತ್ತಿಗೆ ಅದಕ್ಕೆ ವಯಸ್ಸೂ ಆಗಿರುತ್ತದೆ, ಬೆಲೆಯೂ ಏರಿರುತ್ತದೆ. ಈರುಳ್ಳಿಯ ವಿಷಯಕ್ಕೆ ಬರುವುದಾದರೆ...

ಬೂ ಸತ್ತಾಮ್ ತೂಕಡಿಸಿದ.

"ಸಾಕಪ್ಪ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು ಉಮ್ಮ್ ಸತ್ತಾಮ್. "ನಂಬಿದೆ. ಇಷ್ಟು ಬೇಜಾರಿನ ಸುಳ್ಳನ್ನ ಯಾವ ಗಂಡಸೂ ಕಟ್ಟೋಕಾಗಲ್ಲ."

ಚಹಾ ಬಂತು. ಬೂ ಸತ್ತಾಮ್ ಒಂದು ಗುಟುಕು ಹೀರಿ, ಸಕ್ಕರೆಯ ರುಚಿ ಸಿಕ್ಕು ಕಣ್ಣು ಮುಚ್ಚಿಕೊಂಡ. ಆಮೇಲೆ ನಿಜ ಹೊರಗೆ ಬಂತು. ಲಾಭಾಂಶದ ದುಡ್ಡನ್ನು ಹೆಂಡತಿ ಕಿತ್ತುಕೊಂಡು ಒಂದು ಹೆಣ್ಣುಕುರಿ ಕೊಂಡಿದ್ದಳು. ಕುರಿ ಎರಡು ಮರಿ ಹಾಕಿತ್ತು. ದುಡ್ಡು ಯಾರದೋ, ಮರಿಯೂ ಅವರದೇ ಎಂದಳು. ಬೂ ಮಿಶಾರಿ ಎಷ್ಟು ಬೇಡವೆಂದರೂ ಕೊಬ್ಬಿದ ಮರಿಯೊಂದು ಅವನ ಕಾರಿನ ಹಿಂದಿನ ಸೀಟಿನಲ್ಲಿ, ಸಾಲ್ಮಿಯಾದ ಅಕ್ಕಿ ಮತ್ತು ಜಹರಾದ ಈರುಳ್ಳಿಯ ನಡುವೆ, ನೆಂಟರ ಹಾಗೆ ಕೂತಿತು.

ಮನೆಯಲ್ಲಿ ಗನೀಮಾ ಅವನು ತಂದಿಟ್ಟ ಒಂದೊಂದೇ ಸಾಮಾನಿನ ಬೆಲೆ ಕೇಳಿ, ತನ್ನ ಜಮಿಯಾದ ಬೆಲೆಗೆ ಹೋಲಿಸಿದಳು. ಒಂದರಲ್ಲೂ ತಪ್ಪು ಸಿಗಲಿಲ್ಲ. ಅಷ್ಟರಲ್ಲಿ ಹೊರಗೆ ಕಾರಿನಿಂದ ಮರಿ "ಬ್ಯಾ" ಎಂದಿತು.

"ಇದೆಲ್ಲಿ ರಿಯಾಯಿತಿಯಲ್ಲಿತ್ತು?"

ಬೂ ಮಿಶಾರಿ ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದ. ಆದರೆ ಇವತ್ತು ಒಬ್ಬ ಹೆಂಗಸಿನ ವಿಚಾರಣೆ ಮುಗಿಸಿ ಬಂದವನಿಗೆ ಎರಡನೆಯದಕ್ಕೆ ಕಸುವಿರಲಿಲ್ಲ. ಇದ್ದದ್ದು ಇದ್ದ ಹಾಗೇ ಹೇಳಿದ.

ಗನೀಮಾ ಗೋಡೆಗೆ ಒರಗಿ ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಎರಡು ವರ್ಷ! ಇಡೀ ಕುವೈತಿನಲ್ಲಿ ಇದಕ್ಕಿಂತ ತುಟ್ಟಿ ಮರಿ ಇಲ್ಲ ಬೂ ಮಿಶಾರಿ. ಬೆಲೆಯಲ್ಲಿ ಗೆದ್ರಿ, ಬಾಯಲ್ಲಿ ಸೋತ್ರಿ."

"ಹಾಗಾದ್ರೆ ಕೀಲಿ?"

ಅವಳು ಸ್ವಲ್ಪ ಹೊತ್ತು ಅವನನ್ನು ಆಟವಾಡಿಸಿದಳು. "ಕೀಲಿ ನಿಮ್ಮ ಹತ್ರಾನೇ ಇರಲಿ. ಗಲ್ಲೆ ಹತ್ರ ಮಾತು ಮಾತ್ರ ನನ್ನದು. ನಾಳೆಯಿಂದ ನಾನೂ ಬರ್ತೀನಿ."

ಬೂ ಮಿಶಾರಿಗೆ ಜೀವ ಬಂತು, ಹಿಂದೆಯೇ ಅರ್ಧ ಹೋಯಿತು. ಮರುದಿನ ಸಾಲ್ಮಿಯಾದಲ್ಲಿ ಗನೀಮಾ ಪ್ರತಿ ಬಗೆಯ ಚೀಸನ್ನೂ ರುಚಿ ನೋಡಿ, ಪ್ರತಿಯೊಬ್ಬ ಹೆಂಗಸಿನ ಯೋಗಕ್ಷೇಮ ವಿಚಾರಿಸುವ ಹೊತ್ತಿಗೆ ಅವನೊಬ್ಬನೇ ಆಗಿದ್ದರೆ ಮೂರು ಜಮಿಯಾ ಮುಗಿಸಿರುತ್ತಿದ್ದ. ಫಹಾಹೀಲಿನಲ್ಲಿ ಅವಳು ಮೀನಿನವನನ್ನು ಅವನು ಎಂದೂ ಕಾಣದ ಬೆಲೆಗೆ ಇಳಿಸಿದಳು. ಅವನು ಚೀಲ ಹಿಡಿದು, ಬಾಯಿ ಮುಚ್ಚಿಕೊಂಡು, ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ.